ಇಪ್ಪತ್ತೆರಡು ಡೇರೆಗಳ ಲೆಕ್ಕ

ಅಧ್ಯಕ್ಷ ಪೀಠದಲ್ಲಿ ವಿರಾಜಮಾನರಾದ ದಂಡನಾಯಕ ವಲೆಂತಿಯೋ ಅವರೇ, ಅವರ ಪಕ್ಕದಲ್ಲಿ ಕುಳಿತು ನನ್ನ ಮಾತು ಬೇಗ ಮುಗಿಯಲೆಂದು ಪ್ರಾರ್ಥಿಸುತ್ತಿರುವ ಪಾದ್ರಿಗಳೇ, ನಾಳೆ ಪಶ್ಚಿಮಕ್ಕೆ ಹೊರಟಿರುವ ಎಪ್ಪತ್ತೆರಡು ಮಂದಿ ವೀರರೇ, ಇಲ್ಲೇ ಉಳಿಯುವ ಅರವತ್ತನಾಲ್ಕು ಮಂದಿ ಭಾಗ್ಯವಂತರೇ, ಹಂದಿಮಾಂಸದ ವಾಸನೆ ಹಿಡಿದು ಬಂದು ಕುಳಿತಿರುವ ನನ್ನೂರಿನ ಸಭಿಕರೇ,

ಬೀಳ್ಕೊಡುಗೆಯ ಮಾತಾಡಲು ಮುಕಪೋರನೆಂಬ ನನ್ನನ್ನೇ ಏಕೆ ಕರೆದರು? ನಿವೃತ್ತರು ಬೇರೆ ಇರಲಿಲ್ಲವೇ? ಇದ್ದರು. ಆದರೆ ಎರಡು ಚಳಿಗಾಲ ಊರ ಮೇಷ್ಟ್ರ ಬೆತ್ತದೇಟು ತಿಂದು, ಸಾವಿರದವರೆಗೆ ಎಣಿಸಲು, ಕಾಗದ ಓದಲು, ಚಕ್ರವರ್ತಿಗಳ ಹೆಸರನ್ನು ತಪ್ಪಿಲ್ಲದೆ ಬರೆಯಲು ಕಲಿತವನು ಈ ನದಿದಡದಲ್ಲಿ ಒಬ್ಬನೇ. ಇದು ಜಂಭವಲ್ಲ, ವರದಿ.

ನಾಳೆ ಹೊರಡುವವರ ಮುಂದಾಳು ನನ್ನ ಅಣ್ಣನ ಮಗ ತಾರ್ಸ. ನಾನೇ ಎತ್ತಿ ಆಡಿಸಿದ ಹುಡುಗ. ಇವತ್ತು ಬೆಳಗ್ಗೆ ಹೇಸರಗತ್ತೆಗೆ ಹೇರು ಬಿಗಿಯುತ್ತಾ ನನಗೊಂದು ಮಾತು ಹೇಳಿದ: “ಚಿಕ್ಕಪ್ಪ, ನಾವು ಹೋಗಿ ಸೇರೋದು ಆ ಮನುಷ್ಯ ಇದ್ದ ದಳಕ್ಕೇ ಅಂತೆ. ಅವನು ಬದುಕಿದ್ರೂ ನಾನು ಹುಡುಕಲ್ಲ. ಎದುರಿಗೆ ಬಂದ್ರೂ ಮುಖ ನೋಡಲ್ಲ. ನಮ್ಮನ್ನ ಬಿಟ್ಟು ಹೋದೋನು ತಾನೇ?”

ಆ ಮನುಷ್ಯ ಎಂದರೆ ಅವನ ಅಪ್ಪ. ನನ್ನ ಅಣ್ಣ ಬಿತೂಸ್. ನಾನು ಹೇಸರಗತ್ತೆಯ ಕಿವಿ ಸವರಿದೆ. ಇರಲಿ. ಮೊದಲು ದಳದ ವಿಷಯ.

ನಮ್ಮ ತಾತ ಹೇಳುತ್ತಿದ್ದ, ಅವನ ಕಾಲದಲ್ಲಿ ನಮ್ಮ ಈ ದಳ, ಈ ಲೀಜನ್, ಐದು ಸಾವಿರ ಆಳುಗಳದ್ದಂತೆ. ಮುಂದಿನವನು ಹೊಳೆ ದಾಟಿ ಗಂಜಿ ಕಾಯಿಸಿ ಕುಡಿದು ಮಲಗಿದರೂ ಹಿಂದಿನವನು ಇನ್ನೂ ಚಪ್ಪಲಿ ಕಟ್ಟುತ್ತಿದ್ದನಂತೆ. ಅಪ್ಪನ ಕಾಲಕ್ಕೆ ಅದು ಸಾವಿರವಾಯಿತು. ನನ್ನ ಕಾಲಕ್ಕೆ ಆ ಸಾವಿರವೂ ಹಲವು ಕೋಟೆಗಳಿಗೆ ಹಂಚಿಹೋಗಿ, ನಮ್ಮ ಪಾಲಿಗೆ ಬಂದದ್ದು ನೂರಾ ಎಪ್ಪತ್ತಾರು. ಹೆಸರು ಮಾತ್ರ ಅದೇ ಲೀಜನ್! ನಮ್ಮ ಅಡುಗೆಯವನು ಗೊಣಗುತ್ತಿದ್ದ: “ಹೆಸ್ರು ಕೇಳಿದ್ರೆ ಹತ್ತು ಎತ್ತು ಕಡೀಬೇಕು ಅನ್ಸತ್ತೆ. ಬಂದವ್ರನ್ನ ನೋಡಿದ್ರೆ ಎರಡು ಕುರಿ ಮಿಗತ್ತೆ.”

ಆದರೆ ದಳ ಎಷ್ಟೇ ಕುಗ್ಗಲಿ, ಡೇರೆ ಕುಗ್ಗುವುದಿಲ್ಲ. ಎಂಟು ಜನ, ಒಂದು ಡೇರೆ, ಒಂದು ಒಲೆ, ಒಂದು ಬೀಸುಕಲ್ಲು. ಎಂಟು ಜನರ ಗೊರಕೆಯಲ್ಲಿ ಯಾವುದು ಯಾರದೆಂದು ನಿದ್ದೆಯಲ್ಲೂ ಗೊತ್ತಿರುತ್ತದೆ. ಈಗಲೂ ನನ್ನ ಕನಸಿನಲ್ಲಿ ಆ ಡೇರೆಗಳು ನದಿಯ ಮೇಲೆ ತೇಲಿಕೊಂಡು ಬರುತ್ತವೆ. ನಾನು ದಡದಲ್ಲಿ ನಿಂತು ಎಣಿಸುತ್ತೇನೆ. ಇಪ್ಪತ್ತೊಂದಕ್ಕೆ ನಿಲ್ಲಲಿ, ಇಪ್ಪತ್ತೊಂದಕ್ಕೆ ನಿಲ್ಲಲಿ ಎಂದುಕೊಳ್ಳುತ್ತೇನೆ. ಮಂಜಿನಿಂದ ಇನ್ನೊಂದು ಬಂದೇ ಬರುತ್ತದೆ.

ಮೂವತ್ತು ವರ್ಷದ ಹಿಂದೆ ಚಕ್ರವರ್ತಿ ಅಣ್ಣತಮ್ಮಂದಿರು ರಾಜ್ಯ ಹಂಚಿಕೊಂಡರು. ಮನೆ ಪಾಲಾದರೆ ಪಾತ್ರೆಯೂ ಪಾಲಾಗಬೇಕಲ್ಲ? ದಂಡೂ ಪಾಲಾಯಿತು. ಒಂದೊಂದು ದಳವೂ ಎರಡಾಗಿ, ಅರ್ಧ ರೈನ್ ನದಿಯ ಕಡೆಗೆ, ಅರ್ಧ ಇಲ್ಲೇ ಡ್ಯಾನ್ಯೂಬಿನ ದಡಕ್ಕೆ. ನಮ್ಮಲ್ಲಿ ಆರಿಸುವ ರೂಢಿ ನಿಮಗೆ ಗೊತ್ತೇ ಇದೆ. ಡೇರೆಗಳನ್ನು ನದಿಗುಂಟ ಸಾಲಾಗಿ ಹೂಡುವುದು. ಹಾವಿನ ಧ್ವಜ ನೆಟ್ಟ ಕಡೆಯಿಂದ ದಂಡನಾಯಕರು ಎಣಿಸುತ್ತಾ ಬರುವುದು. ಮೊದಲನೆಯದು ಹೋಗು, ಎರಡನೆಯದು ಇರು.

ಡೇರೆಪಟ್ಟಿ ಬರೆಯುತ್ತಿದ್ದವನು ಯಾರು? ನಾನು. ಅರೆಬರೆ ಡೇರೆಗಳನ್ನು ಕೂಡಿಸಿ ಎಂಟೆಂಟು ಮಾಡುವ ಅಧಿಕಾರವಿದ್ದದ್ದು ಯಾರಿಗೆ? ನನಗೇ. ಅಣ್ಣನಿಗೆ ಹೆಂಡತಿ ಇದ್ದಳು, ತೊಟ್ಟಿಲಲ್ಲಿ ತಾರ್ಸ ಇದ್ದ. ನನಗೆ ಮೀಸೆ ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ. ಹಾಗಾಗಿ ನನ್ನನ್ನು ಒಂದನೆಯ ಡೇರೆಗೆ ಬರೆದುಕೊಂಡೆ, ಅಣ್ಣನನ್ನು ಎರಡನೆಯದಕ್ಕೆ. ನಾನು ಹೋಗುವುದು, ಅವನು ಉಳಿಯುವುದು. ಬುದ್ಧಿವಂತನಲ್ಲವೇ ನಾನು?

ಬೆಳಗಾದರೆ ಮಂಜು. ಬಟ್ಟೆಯ ಹಾವು ಉಸಿರಿಲ್ಲದೆ ಕೋಲಿಗೆ ಜೋತುಬಿದ್ದಿತ್ತು. ಆಗಿನ ದಂಡನಾಯಕರಿಗೆ ಅದು ಕಾಣಲಿಲ್ಲ. ಸಾಲಿನ ಬಾಲದ ಕಡೆಯಿಂದ ಬಂದರು, ಬಂದ ಕಡೆಯಿಂದಲೇ ಎಣಿಸತೊಡಗಿದರು. ದನಿ ಮಾತ್ರ ಕೇಳಿಸುತ್ತಿತ್ತು, ಎಲ್ಲೋ ನೀರಿನೊಳಗಿಂದ ಬಂದಂತೆ. ಹೋಗು... ಇರು... ಹೋಗು... ಇರು... ಇಪ್ಪತ್ತೊಂದು ಡೇರೆಗಳಿದ್ದರೆ ಯಾವ ಕಡೆಯಿಂದ ಎಣಿಸಿದರೂ ಒಂದೇ. ಇದ್ದದ್ದು ಇಪ್ಪತ್ತೆರಡು. ದನಿ ಅರ್ಧ ದಾರಿಗೆ ಬರುವಷ್ಟರಲ್ಲಿ ನನಗೆ ಲೆಕ್ಕ ತಿಳಿದುಹೋಯಿತು. ಅಣ್ಣನ ಡೇರೆಗೆ “ಹೋಗು” ಎಂದರು. ನನ್ನದಕ್ಕೆ “ಇರು”.

ಒಂದು ಮಾತು ಕೂಗಿದ್ದರೆ ಸಾಕಿತ್ತು. ಸ್ವಾಮಿ, ಧ್ವಜ ಈ ಕಡೆ ಇದೆ ಎಂದು. ಬಾಯಿ ತೆರೆದೆ. ಮಂಜು ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ಪಟ್ಟಿ ತಿದ್ದಿದ್ದಕ್ಕೆ ಬೆನ್ನ ಚರ್ಮ ಸುಲಿಯುತ್ತಾರೆಂಬ ಭಯ, ಅದೂ ಇತ್ತು. ಆದರೆ ಅದೊಂದೇ ಅಲ್ಲ ಸಭಿಕರೇ. “ಇರು” ಎಂಬ ಶಬ್ದ ಕಿವಿಗೆ ಬಿದ್ದಾಗ ನನ್ನ ಅಂಗಾಲು ಬೆಚ್ಚಗಾಯಿತು. ಎಷ್ಟು ಹಿತವಾಗಿತ್ತು!

ಅಣ್ಣ ನಗುತ್ತಲೇ ಮೂಟೆ ಕಟ್ಟಿದ. “ಲೋ ಮುಕಾ, ಕಲಿತೋರ ಲೆಕ್ಕ ಹೀಗೇನೋ? ಹೋಗ್ಲಿ ಬಿಡು, ಅಳಬೇಡ. ಮನೆ ಕಡೆ ನೋಡ್ಕೋ. ವಾಪಸ್ ಬರೋಕೆ ಏನಾದ್ರೂ ದಾರಿ ಹುಡುಕ್ತೀನಿ.”

ನಾನು ಮನೆಗೆ ಹೋಗಿ ಏನು ಹೇಳಿದೆ? ಹೌದು, ನೀವೆಲ್ಲ ಈವರೆಗೆ ಕೇಳಿದ್ದನ್ನೇ. ಬಿತೂಸ್ ತಾನೇ ಇಷ್ಟಪಟ್ಟು ಪಶ್ಚಿಮಕ್ಕೆ ಹೋದ ಎಂದೆ. ಇಲ್ಲದಿದ್ದರೆ ಅತ್ತಿಗೆ “ನೀನು ಹೇಗೆ ಉಳಿದೆ?” ಎಂದು ಕೇಳುತ್ತಿದ್ದರಲ್ಲ.

ಒಂದು ವರ್ಷದ ಮೇಲೆ, ಯಾರ ಕೈಲೋ ಬರೆಸಿದ ಅವನ ಕಾಗದ ಬಂತು. ಓದುವವನು ನಾನೊಬ್ಬನೇ. ಜಿಯಾ ಅತ್ತಿಗೆ ಕೈ ಒರೆಸಿಕೊಂಡು ಎದುರಿಗೆ ಕುಳಿತರು. “ಸರಿಯಾಗಿ ಓದು ಮುಕಾ. ಒಂದಕ್ಷರ ಬಿಡಬೇಡ.”

“ನಾನು ಚೆನ್ನಾಗಿದ್ದೇನೆ. ಇಲ್ಲಿ ಭೂಮಿ ಚೆನ್ನಾಗಿದೆ. ನನಗಾಗಿ ಕಾಯಬೇಡಿ,” ಎಂದು ಓದಿದೆ.

“ಅಷ್ಟೇನಾ? ಕಾಗದ ಇಷ್ಟುದ್ದ ಇದೆಯಲ್ಲೋ?”

“ಬರೆದೋನ ಅಕ್ಷರ ದಪ್ಪ, ಅತ್ತಿಗೆ.”

ಅವರು ಕಾಗದವನ್ನು ಮಡಿಸಿ ಎದೆಗಿಟ್ಟುಕೊಂಡು ಒಳಗೆ ಹೋದರು. ಇಷ್ಟು ವರ್ಷವಾಯಿತು, ಆ ಕಾಗದವನ್ನು ಇನ್ನೊಬ್ಬರಿಗೆ ತೋರಿಸಲಿಲ್ಲ. ನನ್ನ ಓದಿನ ಮೇಲೆ ಅಷ್ಟು ನಂಬಿಕೆ.

ತಾರ್ಸಾ, ಕೂತ್ಕೋ. ಎದ್ದು ಹೋಗಬೇಡ. ದಂಡನಾಯಕರೇ, ಸ್ವಲ್ಪ ಅವನ ಭುಜ ಹಿಡಿದುಕೊಳ್ಳಿ. ಆ ಕಾಗದವನ್ನು ಇವತ್ತು ಸರಿಯಾಗಿ ಓದುತ್ತೇನೆ. ಕಣ್ಣೆದುರು ಬೇಕಾಗಿಲ್ಲ, ಬಾಯಿಪಾಠವಾಗಿದೆ.

“ತಮ್ಮಾ, ಇಲ್ಲಿಯ ದಂಡನಾಯಕರು ಒಪ್ಪಿದ್ದಾರೆ. ಒಡಹುಟ್ಟಿದವನು ಬಂದು ಡೇರೆಯಲ್ಲಿ ನನ್ನ ಜಾಗ ತುಂಬಿದರೆ ನನ್ನನ್ನು ಅಲ್ಲಿಗೆ ಕಳಿಸುತ್ತಾರಂತೆ. ಬರುವ ಬೇಸಿಗೆಯವರೆಗೂ ಕಾಯುತ್ತಾರೆ. ನೀನು ಬರುವುದಿಲ್ಲವೆಂದರೂ ಬೇಸರವಿಲ್ಲ, ಅದನ್ನಾದರೂ ಬರೆ. ಮಗು ನಡೆಯುತ್ತಿದೆಯೇ? ಅದೊಂದನ್ನು ಮರೆಯದೆ ಬರೆ.”

ನಾನು ಹೋಗಲಿಲ್ಲ. ಬರೆಯಲೂ ಇಲ್ಲ. ಚಕ್ರವರ್ತಿಗಳ ಹೆಸರನ್ನೇ ತಪ್ಪಿಲ್ಲದೆ ಬರೆಯಬಲ್ಲವನು ನಾನು.

ಅತ್ತಿಗೆ, ನೀವು ಅಳುತ್ತಿಲ್ಲ, ನನ್ನನ್ನೇ ನೋಡುತ್ತಿದ್ದೀರಿ. ನೋಡಿ. ಈ ಸಭೆ ಮುಗಿದ ಮೇಲೆ ನಾನು ನಿಮ್ಮ ಮನೆಗೆ ಊಟಕ್ಕೆ ಬರುವುದಿಲ್ಲ.

ತಾರ್ಸಾ, ಅಲ್ಲಿಗೆ ಎರಡು ತಿಂಗಳ ನಡಿಗೆ. ಕೋಟೆಯ ನದಿಬಾಗಿಲ ಹೊರಗೆ ಒಬ್ಬ ಚಮ್ಮಾರನ ಮನೆ ಇತ್ತು. ಕಾಗದ ಬರೆಸಿದ್ದು ಆ ಜಗಲಿಯಲ್ಲಿ ಕುಳಿತು ಎಂದು ಅದರ ಕೊನೆಯಲ್ಲಿತ್ತು. ನಿನ್ನಪ್ಪನಿಗೀಗ ಅರವತ್ತಾಗಿರಬೇಕು, ದಂಡಿನಿಂದ ನಿವೃತ್ತನಾಗಿ ಅಲ್ಲೇ ಎಲ್ಲೋ ಬೇಸಾಯ ಮಾಡಿಕೊಂಡಿರಬಹುದು. ಎಡಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ, ಚಿಕ್ಕಂದಿನಲ್ಲಿ ನಾನು ಹೊಡೆದ ಕಲ್ಲಿನದು. ಸಿಕ್ಕಿದರೆ ನೀನು ಏನೂ ಹೇಳಬೇಕಾಗಿಲ್ಲ ಮಗಾ. ಸ್ವಲ್ಪ ದೂರದಿಂದಲೇ ಅವನು ನಿನ್ನನ್ನು ನೋಡಲಿ. ನೀನು ಅವನ ಕಡೆಗೆ ನಡೆದುಕೊಂಡು ಹೋಗು. ಅವನು ಕೇಳಿದ ಪ್ರಶ್ನೆಗೆ ಅಷ್ಟು ಉತ್ತರ ಸಾಕು.

ಅಧ್ಯಕ್ಷರು ನನಗೆ ಕೊಟ್ಟ ಹೊತ್ತಿಗೂ, ನೀವು ಸದ್ದಿಲ್ಲದೆ ಕುಳಿತದ್ದಕ್ಕೂ ನಾನು ಋಣಿ. ಎಲ್ಲರಿಗೂ, ಎಲ್ಲರಿಗಿಂತ ಮೊದಲು ಅತ್ತಿಗೆಗೆ, ನಮಸ್ಕಾರ.