ಅಕ್ಕನಿಗಿಂತ ನನಗೇ ಹೆಚ್ಚು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದೊಡ್ಡ ದೊಡ್ಡ ಡಾಕ್ಟರುಗಳೇ, ನನ್ನ ಮಾತು ಬೇಗ ಮುಗಿಯಲೆಂದು ಹಾರೈಸುತ್ತಿರುವ ಸಭಿಕರೇ,

ಇಂದು ಸನ್ಮಾನ ನನ್ನ ಅಕ್ಕನ ಮಗಳಿಗೆ. ಆದರೆ ಅರ್ಧ ಹಾರ ನನಗೂ ಸಲ್ಲಬೇಕು. ಯಾಕೆ? ಅವಳ ಸಂಶೋಧನೆಗೆ ಮನೆಯವರ ರಕ್ತ ಬೇಕೆಂದಾಗ ಮೊದಲು ತೋಳು ಚಾಚಿದ ವೀರ ನಾನು! ಸೂಜಿ ಕಂಡು ಕಣ್ಣು ಮುಚ್ಚಿದ್ದು ನಿಜ. ತೋಳನ್ನು ಮಾತ್ರ ಹಿಂದಕ್ಕೆಳೆಯಲಿಲ್ಲ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ದುಡಿದದ್ದು ಕಾಲೇಜು ತೋಟದ ಮಾಲಿಯಾಗಿ. ಅದಕ್ಕೇ ಅವಳು ನನ್ನ ಭಾಷೆಯಲ್ಲೇ ಹೇಳಿದಳು: “ಮಾವ, ನೀನು ಬೇಲಿಗಿಡ ಸವರ್ತೀಯಲ್ಲ, ಹರೆಯದಲ್ಲಿ ಮಿದುಳೂ ಹಂಗೇ ನರಗಳ ನಡುವಿನ ಬೇಡದ ಕೊಂಡಿಗಳನ್ನ ಸವರಿಕೊಳ್ಳುತ್ತೆ. ಮೈಯೊಳಗೆ ರೋಗದ ಜೊತೆ ಹೊಡೆದಾಡೋ ಪಡೆಯ ಒಂದು ಜೀನು, ಅಂದ್ರೆ ವಂಶವಾಹಿ, ಯಾವುದನ್ನ ಕತ್ತರಿಸಬೇಕು ಅಂತ ಗುರುತು ಹಾಕೋಕೆ ನೆರವಾಗುತ್ತೆ.”

ಕಾವಲುಗಾರನ ಕೈಯಲ್ಲೇ ಕತ್ತರಿ!

ಮುಂದಿನ ಸಾಲಿನಲ್ಲಿದ್ದಾಳಲ್ಲ, ನನ್ನ ಅಕ್ಕ, ಈ ಹುಡುಗಿಯ ತಾಯಿ, ಅವಳಿಗೆ ಸ್ಕಿಜೋಫ್ರೇನಿಯಾ. ಹರೆಯದಲ್ಲೇ ಯಾರೂ ಇಲ್ಲದ ಕಡೆ ಮಾತು ಕೇಳತೊಡಗಿತು. ಗುಳಿಗೆ ನುಂಗಿಕೊಂಡೇ ಮನೆ ನಡೆಸಿದಳು, ಮಗಳನ್ನು ಓದಿಸಿದಳು. ಆದರೂ ಪಾತ್ರೆ ತೊಳೆಯುವಾಗಲೂ ಒಂದೇ ಪ್ರಶ್ನೆ: “ನಾನೇನು ತಪ್ಪು ಮಾಡಿದ್ದಕ್ಕೆ ನಂಗೇ ಬಂತು?”

ರಕ್ತ ಪರೀಕ್ಷೆಯ ಫಲಿತಾಂಶ ಬಂತು. ಆ ಜೀನಿನ ಪ್ರತಿಗಳು ಅಕ್ಕನಿಗಿಂತ ನನಗೇ ಹೆಚ್ಚು! ಬಿಡುತ್ತೇನೆಯೇ? ಶಾಲೆಯಲ್ಲಿ ಸದಾ ನನ್ನನ್ನು ಹಿಂದೆ ಹಾಕಿದವಳನ್ನು ರಕ್ತದಲ್ಲಾದರೂ ಸೋಲಿಸಿದೆನೆಂದು ಬೀದಿಯಲ್ಲೆಲ್ಲ ಮೀಸೆ ತಿರುವಿದೆ. ಕ್ಷೌರದಂಗಡಿಯಲ್ಲಿ ಅಭಿನಂದನೆಯನ್ನೂ ಸ್ವೀಕರಿಸಿದೆ.

ಅಕ್ಕನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಮಾವ, ಇದೇನು ಪರೀಕ್ಷೆ ಮಾರ್ಕಾ? ಅದು ಹೆಚ್ಚಿದ್ರೆ ಕತ್ತರಿ ಅತಿಯಾಗಿ ಆಡಬಹುದು. ಅಮ್ಮನ ಕಾಯಿಲೆಯ ಅಪಾಯ ಸ್ವಲ್ಪ ಜಾಸ್ತಿ.”

“ಹಂಗಾದ್ರೆ ನಂಗ್ಯಾಕೆ ಬರಲಿಲ್ಲ?”

“ಅದೊಂದೇ ಸಾಲದು ಮಾವ, ಇನ್ನೂ ಏನೇನೋ ಸೇರಬೇಕು. ಪೂರ್ತಿ ನಮಗೂ ಗೊತ್ತಿಲ್ಲ.”

ಅಷ್ಟು ಓದಿದವಳೇ ಗೊತ್ತಿಲ್ಲ ಎಂದಾಗ ನಾನು ಮೀಸೆಯಿಂದ ಕೈ ತೆಗೆದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ಆ ಕತ್ತರಿ ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತೇ? ಅಷ್ಟರಲ್ಲಿ ಅಕ್ಕ ನಾನು ರಕ್ತ ಕೊಟ್ಟ ತೋಳನ್ನು ಮೆಲ್ಲಗೆ ಹಿಡಿದು ಕೇಳಿದಳು: “ಹಂಗಾದ್ರೆ ನಂದೇನೂ ತಪ್ಪಿರಲಿಲ್ವೇನೋ?”

ಊರಿಗೆಲ್ಲ ಬಾಯಿಯಾದ ನಾನು ಅಂದು ಗಿಡಕ್ಕೆ ನೀರು ಹಾಕುವ ನೆಪ ಹೇಳಿ ಎದ್ದುಹೋದೆ. ಇಂದು ಮೈಕು ಸಿಕ್ಕಿದೆ. ಇರಲಿಲ್ಲ ಕಣಕ್ಕಾ. ಏನೇನೂ ಇರಲಿಲ್ಲ.

ಹಾರ ಪೂರ್ತಿ ತಾಯಿ ಮಗಳಿಗೇ ಇರಲಿ. ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.