ಟೆರೇಸಿನ ಗಾಳಿ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಗಾಳಿಯಲ್ಲಿ ಏನೇನು ಬೆರೆತಿದೆ ಎಂದು ಅಳೆಯುವ ಯೂನಿವರ್ಸಿಟಿ ಲ್ಯಾಬಿನವರೆಂದು ಮಾತಿನಲ್ಲೇ ತಿಳಿಯಿತು. ಹುಡುಗಿ ಅವನನ್ನು ಅಣ್ಣ ಎನ್ನುತ್ತಿದ್ದಳು. ಒಡಹುಟ್ಟಿದವನಲ್ಲ, ಲ್ಯಾಬಿನ ಸೀನಿಯರ್.

“ನೀವು ರಜೆ ಹಾಕಿದ ವಾರ ಗ್ರಾಫ್ ಮಲಗಿಬಿಡ್ತು ಅಣ್ಣ. ದಿನಾ ಊಟ ಆದ್ಮೇಲೆ ಏರ್ತಿತ್ತಲ್ಲ, ಏರಲೇ ಇಲ್ಲ.”

“ಗಾಳಿ ದಿಕ್ಕು ಬದಲಾಗಿರತ್ತೆ.”

“ಟೆರೇಸಿಗೆ ಹೋಗಿ ನೋಡ್ದೆ. ನಮ್ಮ ಮೆಷಿನ್ನಿಗೆ ಗಾಳಿ ಎಳೆಯೋ ಪೈಪಿನ ಬುಡದಲ್ಲೇ ಸಿಗರೇಟ್ ತುಂಡುಗಳು. ಎಲ್ಲಾದರ ತುದೀನೂ ಕಚ್ಚಿದೆ, ನೀವು ಪೆನ್ನು ಕಚ್ತೀರಲ್ಲ, ಹಾಗೆ.”

ಅವನು ರಸ್ತೆ ನೋಡಿದ.

“ಆ ಏರಿಕೆ ಮೇಲೇ ನನ್ನ ಥೀಸಿಸ್ ನಿಂತಿರೋದು.”

“ಮೊದಲು ನಂಗೂ ಗೊತ್ತಿರ್ಲಿಲ್ಲಮ್ಮ.”

“ಆಮೇಲೆ?”

“ಆಮೇಲೆ ನೀನು ಅಷ್ಟು ಖುಷಿಯಾಗಿದ್ದೆ. ಯಾವ ಬಾಯಲ್ಲಿ ಹೇಳ್ಲಿ?”

“ಮೇಲೆ ಯಾರಾದ್ರೂ ಸೇದ್ತಾರಾ ಅಂತ ಗೈಡ್ ಮೇಡಂ ಆಗ್ಲೇ ಕೇಳಿದ್ರು. ನಾನೂ ಅಣ್ಣನೂ ಬಿಟ್ರೆ ಅಲ್ಲಿಗೆ ಯಾರೂ ಹೋಗಲ್ಲ, ಅಣ್ಣ ಮಗು ಹುಟ್ಟಿದಾಗ್ಲೇ ಸೇದೋದು ಬಿಟ್ರು ಅಂದೆ. ನಿಮ್ಮ ಪರವಾಗಿ ಆಣೆ ಇಟ್ಟವಳು ನಾನು.”

“ತಪ್ಪಾಯ್ತು ಕಣೆ. ನಾಳೆ ಮೇಡಂ ಹತ್ರ ನಾನೇ ಎಲ್ಲಾ ಒಪ್ಕೋತೀನಿ.”

“ಬೇಡ ಅಣ್ಣ. ಬೆಳಗ್ಗೆ ನಾನೇ ಹೋಗಿ ನಿಮ್ಮ ವಿಷಯ ಹೇಳ್ದೆ.”

“ಏನಂದ್ರು?”

“ನಗಾಡಿದ್ರು. ಅಲ್ಲಿ ಸೇದೋಳು ನಾನು ಅಂತ, ನಿನ್ನೆ ಸಂಜೇನೇ ನೀವು ಬಂದು ಹೇಳಿದ್ರಂತೆ.”

ಬಸ್ಸು ಬಂತು. ಅವಳು ತಿರುಗಿ ನೋಡದೆ ಹತ್ತಿದಳು. ಅದೇ ಬಸ್ಸಿಗೆ ಕಾದಿದ್ದವನು ನಿಂತಲ್ಲೇ ನಿಂತ. ನಾನು ಅವನನ್ನು ಬಳಸಿಕೊಂಡು ಹತ್ತಬೇಕಾಯಿತು.