ತೊಂಬತ್ನಾಲ್ಕರ ಪುಸ್ತಕ

ತ್ರಿವೇಣಿ ಕೆಲಸಕ್ಕೆ ಸೇರಿದ ದಿನವೇ ದಾಖಲೆ ಕೋಣೆಯ ಹೊಳಬಸಪ್ಪ ಅವಳಿಗೆ ಮಾತು ಕೊಟ್ಟಿದ್ದ: ಇರುವ ಕಾಗದವನ್ನು ಇಲ್ಲವೆಂದು ಎಂದೂ ಹೇಳುವುದಿಲ್ಲ. ಹನ್ನೆರಡು ವರ್ಷದ ಮೇಲೆ, ಪುಣೆಯ ಅದೇ ಪಾಲಿಕೆ ಕಚೇರಿಯಲ್ಲಿ, ಜನನ ದಾಖಲೆಗಾಗಿ ಸಾಲಿನಲ್ಲಿ ನಿಂತಿದ್ದ ಅನುಸೂಯಾಳಿಗೆ ಅವರಿಬ್ಬರ ಕನ್ನಡದ ಮಾತು ಕೇಳಿಸಿತು.

“ಕಾಕಾ, ಎಲ್ಲಾ ವರ್ಷದ್ದೂ ಕಂಪ್ಯೂಟರಿನ್ಯಾಗ ಅದಾವ. ತೊಂಬತ್ನಾಲ್ಕರ ಪುಸ್ತಕ ಒಂದ ಸ್ಕ್ಯಾನಿಂಗಿಗೆ ಬಂದಿಲ್ಲ. ಈ ಅಕ್ಕಾರು ಹುಟ್ಟಿದ್ದು ಅದೇ ವರ್ಷ,” ಎಂದಳು ತ್ರಿವೇಣಿ.

“ನಿನ್ನ ಕಂಪ್ಯೂಟರನ್ನೇ ಕೇಳವಾ. ಮೊದಲ ಈ ಸಾಲೆಲ್ಲಾ ನನ್ನ ಬಾಗಲಕ್ಕ ಬರ್ತಿತ್ತು.”

“ಈಗ ನಾ ಬಂದೀನಲ್ರಿ.”

“ಮೊನ್ನೆ ಸಾಹೇಬ್ರು ಕಂಪ್ಯೂಟರಿನ ಕೆಲಸಕ್ಕಂತ ನಿನಗ ಶಾಲು ಹೊದಿಸಿದ್ರು. ಮೂವತ್ತು ವರ್ಷ ಧೂಳು ತಿಂದಾವನ ಹೆಸರು ಯಾರರ ತಗದ್ರೇನು?”

“ನಾ ತಗೀಬೇಕಿತ್ರಿ, ತಪ್ಪಾತು. ಆದ್ರ ನಾಳೆ ನೌಕರಿಗೆ ಹಾಜರಾಗಾಕ ಇವರಿಗೆ ದಾಖಲೆ ಇವತ್ತೇ ಬೇಕು. ಪುಸ್ತಕ ಅದನೋ ಇಲ್ಲೋ, ಹೇಳ್ರಿ.”

ಅನುಸೂಯಾ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಹೊಳಬಸಪ್ಪ ಕುರ್ಚಿಯಿಂದ ಎದ್ದ.

“ಅದ.” ಕುರ್ಚಿಯ ಮೇಲೆ ತಾನು ಕೂತಿದ್ದ ಕೆಂಪು ಬಟ್ಟೆಯ ಗಂಟನ್ನೇ ಎತ್ತಿ ಕೊಟ್ಟ. “ಬರಕೊಂಡು ತಿರುಗಿ ತಂದು ಕೊಡು. ಸ್ಕ್ಯಾನಿಂಗಿಗೆ ಬಿಡೂದಿಲ್ಲ. ನೀ ನನ್ನ ಬಾಗಲಕ್ಕ ಬರಾಕ ಇದೊಂದರ ಇರ್ಲಿ.”

ತ್ರಿವೇಣಿ ಗಂಟು ಹೊತ್ತು ತನ್ನ ಮೇಜಿನತ್ತ ನಡೆದಳು, ಅನುಸೂಯಾ ಅವಳ ಹಿಂದೆ. ಹೊಳಬಸಪ್ಪ ಮಾತು ಉಳಿಸಿಕೊಂಡಿದ್ದ.